ಹಳ್ಳಿಯ ಮತದಾರರು ಒಪ್ಪುವ ಅಳತೆ

ಕೇಳುಗರಿಗೆ ನಮಸ್ಕಾರ.

ಮತದಾನದ ಹಿಂದಿನ ರಾತ್ರಿ ಬೆಂಗಳೂರಿನ ಮೆಜೆಸ್ಟಿಕ್ ಬಸ್ ನಿಲ್ದಾಣವನ್ನು ಕಂಡವರಿಗೆ ಈ ನಗರದೊಳಗೆ ಎಷ್ಟೊಂದು ಹಳ್ಳಿಗಳಿವೆ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ. ಕಟ್ಟಡದ ಕೂಲಿಯವರು, ಗಾರ್ಮೆಂಟ್ಸ್‌ನ ಹೆಣ್ಣುಮಕ್ಕಳು, ಸೆಕ್ಯುರಿಟಿ ಕೆಲಸದವರು ಸಿಂಧನೂರು, ಪಾವಗಡ, ಮಳವಳ್ಳಿಯ ಬಸ್ಸುಗಳಿಗೆ ಮುಗಿಬೀಳುತ್ತಾರೆ. 2011ರ ಜನಗಣತಿಯ ಪ್ರಕಾರ ಕರ್ನಾಟಕದ ನೂರು ಜನರಲ್ಲಿ 61 ಮಂದಿ ಹಳ್ಳಿಗಳಲ್ಲಿ ವಾಸಿಸುವವರು. ಆದರೆ ಅವರನ್ನು ಉದ್ದೇಶಿಸಿದ ರಾಜಕೀಯ ಮಾತು ಬಹುಮಟ್ಟಿಗೆ ಸಿದ್ಧವಾಗುವುದು ಇದೇ ಬೆಂಗಳೂರಿನ ಪಕ್ಷದ ಕಚೇರಿಗಳಲ್ಲಿ, ಜಾಹೀರಾತು ಸಂಸ್ಥೆಗಳಲ್ಲಿ, ಈಚೆಗೆ ವಾರ್ ರೂಮ್ ಎಂದು ಕರೆಸಿಕೊಳ್ಳುತ್ತಿರುವ ಕೋಣೆಗಳಲ್ಲಿ. ಸಬಲೀಕರಣ, ಸಮಗ್ರ ಅಭಿವೃದ್ಧಿ, ಫಲಾನುಭವಿ ಎಂಬ ಮಾತುಗಳು ಅಲ್ಲಿಂದ ಹೊರಟು ಊರ ಅರಳಿಕಟ್ಟೆ ಸೇರುತ್ತವೆ. ಕಟ್ಟೆಯ ಮೇಲೆ ಕುಳಿತವರು ಅವನ್ನು ಆಲಿಸಿ, ತಮ್ಮ ಮಾತನ್ನು ಬಿಟ್ಟಲ್ಲಿಂದ ಮುಂದುವರಿಸುತ್ತಾರೆ. ಈ ದೋಷ ಯಾವುದೇ ಒಂದು ಪಕ್ಷದ್ದಲ್ಲವಾದ್ದರಿಂದ, ಇಂದು ನಾನು ಯಾವ ಪಕ್ಷದ ಪರ ಅಥವಾ ವಿರೋಧದ ಮಾತನ್ನೂ ಆಡದೆ ವಿಷಯವನ್ನಷ್ಟೇ ಪರಿಶೀಲಿಸುತ್ತೇನೆ.

ಹಳ್ಳಿಯವರು ತಮಗೇನು ಸಿಗುತ್ತದೆ ಎಂಬುದನ್ನು ಮಾತ್ರ ಲೆಕ್ಕ ಹಾಕಿ ಮತ ನೀಡುತ್ತಾರೆ ಎಂಬ ನಂಬಿಕೆ ನಗರದಲ್ಲಿ ಗಟ್ಟಿಯಾಗಿ ಬೇರೂರಿದೆ. ಲಾಭದ ಲೆಕ್ಕ ಎಲ್ಲರಲ್ಲೂ ಇರುತ್ತದೆ, ಜಯನಗರದಲ್ಲೂ ಇರುತ್ತದೆ. ಆದರೆ ಕರ್ನಾಟಕದ ಗ್ರಾಮೀಣ ರಾಜಕಾರಣದಲ್ಲಿ ನಿಜವಾಗಿ ತಿರುವು ತಂದ ಮಾತುಗಳನ್ನು ನೋಡಿದರೆ, ಅವು ಜನ ಮೊದಲೇ ಸರಿಯೆಂದು ಒಪ್ಪಿಕೊಂಡಿದ್ದ ಯಾವುದೋ ಒಂದು ಮೌಲ್ಯದ ಮೇಲೆ ನಿಂತ ಮಾತುಗಳಾಗಿದ್ದವು.

1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ನಡೆದ ಸತ್ಯಾಗ್ರಹವನ್ನೇ ನೋಡೋಣ. ಗೇಣಿದಾರರು ಒಡೆಯರಿಗೆ ಭತ್ತವನ್ನು ಕೊಳಗದಲ್ಲಿ ಅಳೆದು ಕೊಡಬೇಕಾಗಿತ್ತು. ಆ ಕೊಳಗ ರೂಢಿಯ ಕೊಳಗಕ್ಕಿಂತ ದೊಡ್ಡದು ಎಂಬುದೇ ತಕರಾರಿನ ಮೂಲ. ಎಚ್. ಗಣಪತಿಯಪ್ಪನವರಂಥವರು ರೈತರನ್ನು ಒಟ್ಟುಗೂಡಿಸಿದಾಗ, ಒಡೆತನ, ವರ್ಗ, ಉತ್ಪಾದನೆ ಎಂಬ ದೊಡ್ಡ ಮಾತುಗಳಿಗೆ ಮೊದಲು ರೈತರ ಮುಂದಿದ್ದದ್ದು ಕಣದಲ್ಲಿ ಇಟ್ಟಿದ್ದ ಆ ಪಾತ್ರೆ. ಅಳತೆಯಲ್ಲಿ ಮೋಸ ಕೂಡದು ಎಂಬುದನ್ನು ಗೇಣಿದಾರನೂ ಒಪ್ಪುತ್ತಾನೆ, ಒಡೆಯನೂ ಒಪ್ಪುತ್ತಾನೆ, ಸಂತೆಯಲ್ಲಿ ಸೊಪ್ಪು ಮಾರುವ ಮುದುಕಿಯೂ ಒಪ್ಪುತ್ತಾಳೆ. ನನ್ನ ಕೊಳಗ ದೊಡ್ಡದಾಗಿಯೇ ಇರಲಿ, ಅದೇ ನ್ಯಾಯ ಎಂದು ನಾಲ್ಕು ಜನರ ಎದುರು ವಾದಿಸಲು ಯಾವ ಒಡೆಯನಿಗೂ ಸಾಧ್ಯವಿರಲಿಲ್ಲ. ಹೋರಾಟದ ಬಲ ಅಡಗಿದ್ದುದು ಅಲ್ಲಿ: ಎದುರಾಳಿಯೂ ಬಹಿರಂಗವಾಗಿ ಅಲ್ಲಗಳೆಯಲಾಗದ ಒಂದು ನೆಲೆಯಲ್ಲಿ. ಮುಂದೆ ಸಮಾಜವಾದಿಗಳು ಜೊತೆಗೂಡಿದರು, ರಾಮಮನೋಹರ ಲೋಹಿಯಾ ಅವರೇ ಬಂದು ಬಂಧನಕ್ಕೊಳಗಾದರು. ಮರುವರ್ಷ, 1952ರ ಚುನಾವಣೆಯಲ್ಲಿ, ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರು ಆ ಸೀಮೆಯಿಂದಲೇ ಗೆದ್ದು ವಿಧಾನಸಭೆಗೆ ಬಂದರು. ಕೊಳಗದಿಂದ ಹೊರಟ ವಾದ ಗೇಣಿಯ ಪ್ರಶ್ನೆಗೆ, ಗೇಣಿಯಿಂದ ಒಡೆತನದ ಪ್ರಶ್ನೆಗೆ ಬೆಳೆದು, ದೇವರಾಜ ಅರಸರ ಕಾಲದಲ್ಲಿ, 1974ರಲ್ಲಿ, ಉಳುವವನೇ ಹೊಲದೊಡೆಯ ಎಂಬ ಮಾತು ಕಾನೂನಾಗಿ ಜಾರಿಗೆ ಬಂತು.

1980ರ ದಶಕದ ರೈತ ಚಳವಳಿಯ ಬೇರೊಂದು ಮಾತು ಇದಕ್ಕಿಂತ ಚತುರವಾದದ್ದು. ಸಾಲ ತೀರಿಸದವರ ಮನೆಗೆ ಅಧಿಕಾರಿಗಳು ಜಪ್ತಿಗೆ ಬರುತ್ತಿದ್ದ ಕಾಲವದು. ಸಾಲ ಉಳಿಸಿಕೊಳ್ಳುವುದು ಅವಮಾನ ಎಂಬ ಭಾವನೆ ಹಳ್ಳಿಯಲ್ಲಿ ಇಂದಿಗೂ ಆಳವಾಗಿದೆ; ಮನೆಯ ಪಾತ್ರೆ ಪಗಡೆಗಳು ಬೀದಿಗೆ ಬಂದರೆ ಕುಟುಂಬದ ಮಾನವೇ ಬೀದಿಗೆ ಬಿದ್ದಂತೆ. ಸಾಲ ತೀರಿಸಬೇಡಿ ಎಂದು ನೇರವಾಗಿ ಕರೆ ಕೊಟ್ಟಿದ್ದರೆ ಆ ಭಾವನೆಗೆ ಎದುರು ಈಜಿದಂತಾಗುತ್ತಿತ್ತು, ಬಹಳ ಮಂದಿ ಹಿಂಜರಿಯುತ್ತಿದ್ದರು. ರಾಜ್ಯ ರೈತ ಸಂಘ ಹಾಗೆ ಮಾಡಲಿಲ್ಲ. ರೈತರು ಸಾಲಗಾರರಲ್ಲ, ಸರ್ಕಾರವೇ ಬಾಕಿದಾರ ಎಂದಿತು. ಬೆಳೆಗೆ ನ್ಯಾಯವಾದ ಬೆಲೆ ಸಿಗದಂತೆ ಮಾಡಿದವರು ಯಾರೋ, ಬಾಕಿ ಉಳಿಸಿಕೊಂಡವರು ಅವರೇ ಎಂಬುದು ಸಂಘದ ನಾಯಕ ಪ್ರೊಫೆಸರ್ ಎಂ. ಡಿ. ನಂಜುಂಡಸ್ವಾಮಿಯವರ ತರ್ಕ. ಋಣ ಉಳಿಸಿಕೊಳ್ಳಬಾರದು ಎಂಬ ಮೌಲ್ಯ ಇಲ್ಲಿ ಒಂದಿಷ್ಟೂ ಸಡಿಲವಾಗಲಿಲ್ಲ, ಆ ಮೌಲ್ಯದ ಮುಂದೆ ತಲೆತಗ್ಗಿಸಿ ನಿಲ್ಲಬೇಕಾದವರು ಮಾತ್ರ ಬದಲಾದರು. ಜಪ್ತಿಯಾದ ಸಾಮಾನುಗಳನ್ನು ಮರುಜಪ್ತಿ ಮಾಡಿ ತಂದಾಗ ಹಳ್ಳಿಗೆ ಅದು ಕಳ್ಳತನವಾಗಿ ಕಾಣಲಿಲ್ಲ. ಹಾಗಿದ್ದೂ ಚುನಾವಣೆಯಲ್ಲಿ ಸಂಘಕ್ಕೆ ದಕ್ಕಿದ್ದು ಬೆರಳೆಣಿಕೆಯ ಸ್ಥಾನಗಳು. ಹಸಿರು ಶಾಲು ಹೊದ್ದು ಸಭೆಗೆ ಬಂದವರೇ ಮತಗಟ್ಟೆಯಲ್ಲಿ ಜಾತಿಯನ್ನೂ ಹಳೆಯ ನಿಷ್ಠೆಯನ್ನೂ ನೆನೆದರು ಎಂದು ತೋರುತ್ತದೆ. ಮೌಲ್ಯದ ಮಾತಿಗೆ ಜನ ತಲೆದೂಗುವುದಕ್ಕೂ ಮತ ಹಾಕುವುದಕ್ಕೂ ನಡುವೆ ಅಂತರವಿದೆ, ಅದನ್ನು ಭಾಷೆಯೊಂದೇ ತುಂಬಲಾರದು.

ಅಮೆರಿಕದ ಸಂಶೋಧಕರಾದ ಮ್ಯಾಥ್ಯೂ ಫೈನ್‌ಬರ್ಗ್ ಮತ್ತು ರಾಬ್ ವಿಲ್ಲರ್ ಅವರ 2013ರ ಅಧ್ಯಯನವೊಂದು ಇದಕ್ಕೆ ಹತ್ತಿರದ ಸಂಗತಿಯನ್ನು ಹೇಳುತ್ತದೆ. ಪರಿಸರ ರಕ್ಷಣೆಯ ಮಾತನ್ನು ಹಾನಿ ಮತ್ತು ಕಾಳಜಿಯ ಭಾಷೆಯಲ್ಲಿ ಆಡಿದಾಗ ಸಂಪ್ರದಾಯವಾದಿಗಳು ಅಷ್ಟಾಗಿ ಒಪ್ಪಲಿಲ್ಲ. ಅದನ್ನೇ ಶುದ್ಧ ಮತ್ತು ಮಲಿನದ ಭಾಷೆಯಲ್ಲಿ ಆಡಿದಾಗ ಅವರ ಒಲವು ಹೆಚ್ಚಿತು. ಅದು ಅವರ ದೇಶದ ಮಾತು, ಅದನ್ನು ಇದ್ದಂತೆ ತಂದು ತುಮಕೂರಿಗೆ ಅನ್ವಯಿಸಲಾಗದು. ನಮ್ಮಲ್ಲಂತೂ ಶುದ್ಧ, ಮಲಿನ ಎಂಬ ಭಾಷೆ ಶತಮಾನಗಳ ಕಾಲ ಮನುಷ್ಯರನ್ನೇ ಬಾವಿಯಿಂದ ದೂರವಿಡಲು ಬಳಕೆಯಾಗಿದೆ.

ಎಲ್ಲರ ಮೌಲ್ಯ ಎನ್ನುವಾಗ ಆ ಎಲ್ಲರಲ್ಲಿ ಯಾರಿದ್ದಾರೆ ಎಂದು ಕೇಳಲೇಬೇಕಾದುದು ಈ ಕಾರಣಕ್ಕೆ. ಊರ ಒಗ್ಗಟ್ಟು, ಹಿರಿಯರ ಮಾತು, ನಮ್ಮೂರ ಸಂಪ್ರದಾಯ ಎಂದು ವೇದಿಕೆಯಲ್ಲಿ ಹೇಳಿದರೆ ಊರೊಳಗಿನವರಿಗೆ ಹಿತವಾಗಬಹುದು. ದೇವಸ್ಥಾನದ ಬಾಗಿಲಲ್ಲಿ ತಡೆಸಿಕೊಂಡ ಕೇರಿಯ ಯುವಕನಿಗೆ ಅದೇ ಮಾತು ಬೆದರಿಕೆಯಂತೆ ಕೇಳಿಸುತ್ತದೆ. 1974ರ ಆ ಕಾನೂನಿನಿಂದ ಹೊಲದೊಡೆಯನಾದವನು ಉಳುವ ಗೇಣಿದಾರ. ಅದೇ ಹೊಲದಲ್ಲಿ ನಾಟಿ ಹಾಕಿ ಕಳೆ ಕಿತ್ತ ಕೂಲಿಯವಳ ಕೈಗೆ ಆ ಕಾನೂನಿನಿಂದ ಬಂದದ್ದು ಬಹಳ ಕಡಿಮೆ. ದುಡಿಮೆಗೆ ತಕ್ಕ ಗೌರವ ಎಂಬ ಮಾತು ಊರಿಗೂ ಕೇರಿಗೂ ಒಂದೇ ಬಗೆಯಲ್ಲಿ ಮುಟ್ಟುತ್ತದೆ ಎಂಬುದು ನನ್ನ ಅಭಿಪ್ರಾಯ. ಕಾಯಕ, ದಾಸೋಹಗಳ ನೆನಪು ಇರುವ ನಾಡಿನಲ್ಲಿ ಅದು ಹೊರಗಿನಿಂದ ತರಬೇಕಾದ ಮಾತೂ ಅಲ್ಲ.

ಬೆಂಗಳೂರಿಗೆ ಮಗ್ಗುಲಲ್ಲೇ ಇರುವ ಕೋಲಾರದಲ್ಲಿ ಈ ವಿಷಯ ಈಗ ಹೇಗೆ ಪರೀಕ್ಷೆಗೊಳಗಾಗಿದೆ ಎಂಬುದನ್ನು ಹೇಳುತ್ತೇನೆ. ಕೋರಮಂಗಲ ಮತ್ತು ಚಲ್ಲಘಟ್ಟ ಕಣಿವೆಯ ಯೋಜನೆ, ಅಂದರೆ ಕೆ.ಸಿ. ವ್ಯಾಲಿ ಯೋಜನೆಯಡಿ, 2018ರಿಂದ ನಮ್ಮ ನಗರದ ಒಳಚರಂಡಿ ನೀರು ಎರಡು ಹಂತಗಳಲ್ಲಿ ಸಂಸ್ಕರಣೆಗೊಂಡು ಕೋಲಾರದ ಕೆರೆಗಳಿಗೆ ಹರಿಯುತ್ತಿದೆ. ಬರದಿಂದ ಬೆಂಡಾಗಿದ್ದ ಸೀಮೆಗೆ ನೀರು ಎಂಬುದಕ್ಕಿಂತ ದೊಡ್ಡ ಭರವಸೆಯಿಲ್ಲ. ಒಣಗಿದ್ದ ಕೆರೆಗಳು ತುಂಬಿದವು, ಕೊಳವೆಬಾವಿಗಳಲ್ಲಿ ನೀರು ಮೇಲೇರಿತು, ಅನೇಕ ರೈತರು ಸಂತೋಷಪಟ್ಟರು. ನೀರು ಕೊಟ್ಟೆವು ಎಂಬ ಮಾತು ಪೂರ್ತಿ ಗೆಲ್ಲಬೇಕಾಗಿತ್ತು, ಗೆಲ್ಲಲಿಲ್ಲ. ಬೆಂಗಳೂರು ಬಳಸಿ ಬಿಟ್ಟದ್ದನ್ನು ನಮಗೆ ಕಳಿಸುತ್ತೀರಾ ಎಂಬ ಪ್ರಶ್ನೆ ಎದ್ದಿತು. ಕೆರೆಯಲ್ಲಿ ನೊರೆ ಕಂಡಾಗ ಅದು ಇನ್ನಷ್ಟು ಜೋರಾಯಿತು, ನ್ಯಾಯಾಲಯದವರೆಗೂ ಹೋಯಿತು. ಗಂಗೆ ಎಂದು ಪೂಜೆ ಮಾಡಿ ಬಾಗಿನ ಬಿಟ್ಟರೆ ಆ ಪ್ರಶ್ನೆ ಅಡಗುವುದಿಲ್ಲ. ಹೋರಾಟಗಾರರು ಕೇಳಿದ್ದು ಮೂರನೇ ಹಂತದ ಶುದ್ಧೀಕರಣವನ್ನು. ಅದಕ್ಕೆ ಯಂತ್ರ ಬೇಕು, ಹಣ ಬೇಕು, ನಿತ್ಯ ನೀರನ್ನು ಪರೀಕ್ಷಿಸಿ ಫಲಿತಾಂಶವನ್ನು ಗ್ರಾಮಸಭೆಯ ಮುಂದಿಡುವ ವ್ಯವಸ್ಥೆ ಬೇಕು. ಕೋಲಾರದಲ್ಲಿ ಮತ ಕೇಳಲು ನಿಲ್ಲುವವರು, ಯಾವ ಪಕ್ಷದವರೇ ಆಗಲಿ, ರೈತರ ಮೇಲಿನ ಗೌರವದ ಬಗ್ಗೆ ಭಾಷಣ ಮಾಡುವುದಕ್ಕೆ ಮೊದಲು ಮೂರನೇ ಹಂತಕ್ಕೆ ಎಷ್ಟು ಹಣ, ಯಾವಾಗ ಎಂಬುದಕ್ಕೆ ಉತ್ತರ ಸಿದ್ಧಮಾಡಿಕೊಂಡು ಹೋಗಬೇಕಾಗುತ್ತದೆ.

ನಮಸ್ಕಾರ.