ಕೇಸ್ ಹಂಚ್ಕೋಬೇಡಿ ಸ್ವಾಮಿ!

ನಮಸ್ಕಾರ, ನಮಸ್ಕಾರ. ಇವತ್ತು ಬೇರೆ ವಿಷಯ ಮಾತಾಡೋದಿತ್ತು, ಸ್ಕ್ರಿಪ್ಟೂ ರೆಡಿ ಇತ್ತು. ಹೋದ ವಿಡಿಯೋ ಕೆಳಗೆ ಒಂದು ಕಮೆಂಟ್ ನೋಡಿದ ಮೇಲೆ ಅದು ಹಾಗೇ ಪಕ್ಕಕ್ಕೆ ಹೋಯ್ತು. ಓದ್ತೀನಿ ಕೇಳಿ (ಕೇಸ್ ಅಂದ್ರೆ ಕೋರ್ಟಿಂದಲ್ಲ, ಒಂದು ಕಂಪನಿಯ ಸಮಸ್ಯೆಯನ್ನ ಅಂಕಿ ಸಮೇತ ಕಥೆ ಥರ ಬರೆದು ಕ್ಲಾಸಲ್ಲಿ ಚರ್ಚೆಗೆ ಕೊಡೋದು): "ಸರ್, ಸೋಮವಾರದಿಂದ ನಮ್ಮ ಎಕ್ಸಿಕ್ಯುಟಿವ್ ಎಂಬಿಎ ರೆಸಿಡೆನ್ಸಿ ವೀಕ್. ಟೀಮ್ ಸೂಪರ್ ಆಗಿದೆ. ಐದು ಜನ, 15 ಕೇಸು, ತಲೆಗೆ ಮೂರು ಅಂತ ಈಗ್ಲೇ ಹಂಚ್ಕೊಂಡಿದ್ದೀವಿ. ಒಬ್ಬರು ಓದಿ ಸಮ್ಮರಿ ಹಾಕಿದ್ರೆ ಮಿಕ್ಕ ನಾಲ್ವರು ಫ್ರೀ. ಉಳಿದ ಟೈಮಲ್ಲಿ ಬಾಂಡಿಂಗ್ ಮಾಡ್ತೀವಿ."

ಉಳಿದ ಟೈಮಲ್ಲಿ ಬಾಂಡಿಂಗ್ ಮಾಡ್ತಾರಂತೆ! ಅದಕ್ಕೆ ಲೈಕ್ ಕೊಟ್ಟೋರು ಎಷ್ಟು ಜನ ಅಂತ ಹೇಳಲ್ಲ, ನನ್ನ ಬಿಪಿ ಏರುತ್ತೆ.

ಸ್ವಾಮಿ, ನೀವು ಹಂಚ್ಕೊಂಡಿದ್ದು ಕೇಸ್ ಅಲ್ಲ. ಬಾಂಡಿಂಗ್ ಆಗೋದಕ್ಕೆ ಇದ್ದ ಒಂದೇ ಒಂದು ಜಾಗನ ಕೊಯ್ದು ಐದು ಪಾಲು ಮಾಡಿದ್ದೀರ. ಇವತ್ತಿನ ವಿಡಿಯೋ ಪೂರ್ತಿ ಇದೊಂದೇ ಮಾತು. ಕೇಸ್ ಹಂಚ್ಕೋಬೇಡಿ. ಅರ್ಜೆಂಟ್ ಇದ್ದೋರು ಇಲ್ಲಿಗೇ ಲೈಕ್ ಒತ್ತಿ ಹೋಗಬಹುದು.

ಗೊತ್ತಿಲ್ಲದೋರಿಗೆ ಎರಡೇ ಮಾತು. ಕೆಲಸದಲ್ಲಿ ಇದ್ದುಕೊಂಡೇ ಎಂಬಿಎ ಮಾಡೋರಿಗೆ ಕ್ಲಾಸೆಲ್ಲ ಆನ್‌ಲೈನಲ್ಲೋ ವಾರಾಂತ್ಯದಲ್ಲೋ ನಡೆಯುತ್ತೆ. ನಡುವೆ ಒಂದು ವಾರ ಕ್ಯಾಂಪಸ್ಸಿಗೇ ಕರೆಸ್ತಾರೆ, ಅದೇ ರೆಸಿಡೆನ್ಸಿ ವೀಕ್. ಕ್ರಮ ಒಂದೊಂದು ಕಡೆ ಒಂದೊಂದು ಥರ, ಇವರದ್ದು ಹೀಗೆ ಅಂತ ಇಟ್ಕೊಳ್ಳಿ. ದಿನಕ್ಕೆ ಮೂರು ಸೆಷನ್, ಒಂದೊಂದಕ್ಕೆ ಒಂದೊಂದು ಕೇಸ್, ಶನಿವಾರ ಟೀಮ್ ಪ್ರೆಸೆಂಟೇಷನ್. ಟೀಮ್ ಆರಿಸೋದು ಕಾಲೇಜಿನ ಆಫೀಸ್‌ನೋರು. ಬೇಕಂತಲೇ ಮಿಶ್ರ ಮಾಡಿರ್ತಾರೆ: ಬ್ಯಾಂಕಿನೋರು ಒಬ್ಬರು, ಐಟಿಯೋರು ಇಬ್ಬರು, ಫ್ಯಾಕ್ಟರಿಯೋರು ಒಬ್ಬರು, ಆಸ್ಪತ್ರೆ ಆಡಳಿತ ನೋಡೋ ಡಾಕ್ಟರ್ ಒಬ್ಬರು. ಆ ಮಿಶ್ರಣಕ್ಕೇ ನೀವು ಫೀಸ್ ಕಟ್ಟಿರೋದು.

ಈ ಕೇಸ್ ಪದ್ಧತಿ ಹಾರ್ವರ್ಡ್ ಬಿಸಿನೆಸ್ ಸ್ಕೂಲಲ್ಲಿ 1920ರ ದಶಕದಿಂದ ಬೇರೂರಿದ್ದು. 1961ರಲ್ಲಿ ಶುರುವಾದ ಅಹಮದಾಬಾದ್ ಐಐಎಂ ಅದೇ ಹಾರ್ವರ್ಡ್ ಜೊತೆ ಕೈಜೋಡಿಸಿ ಇದನ್ನ ನಮ್ಮಲ್ಲಿಗೆ ತಂತು. ಮೂರು ಮೆಟ್ಟಿಲು: ಮೊದಲು ಒಬ್ಬರೇ ಓದೋದು, ಆಮೇಲೆ ಸಣ್ಣ ಗುಂಪಲ್ಲಿ ಚರ್ಚೆ, ಕೊನೆಗೆ ಇಡೀ ಕ್ಲಾಸಲ್ಲಿ. ಹಂಚ್ಕೊಳ್ಳೋ ಬುದ್ಧಿವಂತರು ಮೊದಲ ಎರಡನ್ನೂ ಹಾರಿ ನೇರ ಮೂರನೇದಕ್ಕೆ ಕಾಲಿಡ್ತಾರೆ. ಪ್ರೊಫೆಸರ್ ಹೆಸರು ಹಿಡಿದು "ಎಕ್ಸಿಬಿಟ್ ನಾಲ್ಕರಲ್ಲಿ ಏನು ಕಂಡ್ರಿ?" (ಎಕ್ಸಿಬಿಟ್ ಅಂದ್ರೆ ಕೇಸಿಗೆ ಅಂಟಿಸಿರೋ ಟೇಬಲ್, ಚಾರ್ಟ್) ಅಂದ್ರೆ ಪಕ್ಕದೋರ ಮುಖ ನೋಡೋದು. ಆ ಪಕ್ಕದೋರು ಓದಿರೋದು ಮಧ್ಯಾಹ್ನದ ಕೇಸ್!

ಈಗ ಹತ್ತಿರದಿಂದ ತೋರಿಸ್ತೀನಿ. ಒಂದು ಕಾಲ್ಪನಿಕ ಡೇರಿ ಕೇಸ್ ಇಟ್ಕೊಳ್ಳಿ. ದಿನಕ್ಕೆ ಒಂದು ಲಕ್ಷ ಲೀಟರ್ ಹಾಲು ಬರುತ್ತೆ, 70,000 ಲೀಟರ್ ಪ್ಯಾಕೆಟ್ ಹಾಲಾಗಿ ಮಾರಾಟ. ಮಿಕ್ಕಿದ್ದಕ್ಕೆ ಪನೀರ್ ಲೈನ್ ಹಾಕಬೇಕಾ ಅನ್ನೋದು ಪ್ರಶ್ನೆ. ದಿನಕ್ಕೆ 5,000 ಕೆಜಿ ಪನೀರು, ಕೆಜಿಗೆ ಐದಾರು ಲೀಟರ್ ಹಿಡಿದ್ರೆ 25ರಿಂದ 30 ಸಾವಿರ ಲೀಟರ್. ಲೆಕ್ಕ ಕೂತ್ಕೊಳ್ತು. ಬ್ಯಾಂಕಿನೋರು ಲಾಭದ ಮಾರ್ಜಿನ್ ನೋಡಿ "ಹಾಕ್ರಿ, ಕಣ್ಮುಚ್ಚಿ ಹಾಕ್ರಿ" ಅಂತಾರೆ. ಆಗ ಅಲ್ಲೀವರೆಗೂ ಬಾಯಿಬಿಡದ ಫ್ಯಾಕ್ಟರಿಯೋರು ಒಂದು ಟೇಬಲ್ ಕೆಳಗಿನ ಇರುವೆಯಷ್ಟು ಸಣ್ಣ ಅಡಿಟಿಪ್ಪಣಿ ಮೇಲೆ ಪೆನ್ ಇಡ್ತಾರೆ: ಬೇಸಿಗೆ ಮೂರು ತಿಂಗಳು ದಿನಕ್ಕೆ ಬರೋ ಹಾಲು 65,000 ಲೀಟರ್. ಅಂದ್ರೆ ಪನೀರು ಹಾಗಿರಲಿ, ಪ್ಯಾಕೆಟ್ಟಿಗೇ ಐದು ಸಾವಿರ ಲೀಟರ್ ಕಡಿಮೆ! ಬ್ಯಾಂಕಿನೋರು ಕ್ಯಾಲ್ಕುಲೇಟರ್ ಕೆಳಗಿಟ್ಟು "ಅಯ್ಯೋ, ಹೌದಲ್ರೀ" ಅಂತಾರಲ್ಲ, ಅದು ಕಣ್ರೀ ಬಾಂಡಿಂಗ್! ಇವರು ಇಲ್ಲದಿದ್ರೆ ನಾಳೆ ಅರವತ್ತು ಜನರ ಎದುರು ಮಾನ ಹೋಗ್ತಿತ್ತು ಅಂತ ಗೊತ್ತಾಗೋ ಆ ಗಳಿಗೆ. ಮರುದಿನ ಬೆಳಿಗ್ಗೆ ಮೆಸ್ಸಲ್ಲಿ ಬ್ಯಾಂಕಿನೋರೇ ಹೋಗಿ ಫ್ಯಾಕ್ಟರಿಯೋರ ಪಕ್ಕ ಕೂರ್ತಾರೆ. ಯಾರೂ ಹೇಳ್ಕೊಡಬೇಕಾಗಿಲ್ಲ.

ಅದೇ ಕೇಸ್ ಬ್ಯಾಂಕಿನೋರ ಪಾಲಿಗೆ ಬಿದ್ದಿದ್ರೆ? ಸಮ್ಮರಿಯಲ್ಲಿ "ಪನೀರ್: ಹೈ ಮಾರ್ಜಿನ್, ರೆಕಮೆಂಡೆಡ್". ಮುಗೀತು. ಅಡಿಟಿಪ್ಪಣಿ ಅಲ್ಲೇ ಸತ್ತು ಮಲಗ್ತು.

ಇದು ನನ್ನ ಕಲ್ಪನೆ ಅಂದ್ಕೋಬೇಡಿ. 1985ರಲ್ಲಿ ಸ್ಟಾಸರ್ ಮತ್ತು ಟೈಟಸ್ ಅನ್ನೋ ಇಬ್ಬರು ಮನಶ್ಶಾಸ್ತ್ರಜ್ಞರು ನಾಲ್ಕು ನಾಲ್ಕು ಜನರ ಗುಂಪು ಮಾಡಿ ವಿದ್ಯಾರ್ಥಿ ಸಂಘಕ್ಕೆ ಒಬ್ಬ ಅಧ್ಯಕ್ಷನ್ನ ಆರಿಸಿ ಅಂದ್ರು. ಅಭ್ಯರ್ಥಿಗಳ ಬಗ್ಗೆ ಕೆಲವು ವಿಷಯ ಎಲ್ಲರಿಗೂ ಕೊಟ್ಟಿದ್ರು, ಕೆಲವನ್ನ ಒಬ್ಬೊಬ್ಬರಿಗೆ ಚೂರು ಚೂರು ಹಂಚಿದ್ರು. ಎಲ್ಲ ಚೂರೂ ಸೇರಿಸಿ ನೋಡಿದ್ರೆ ಯಾರು ಒಳ್ಳೆಯವರು ಅಂತ ಗೊತ್ತಾಗ್ತಿತ್ತು. ಗುಂಪುಗಳು ಎಲ್ಲರಿಗೂ ಮೊದಲೇ ಗೊತ್ತಿದ್ದನ್ನೇ ಮಾತಾಡ್ಕೊಂಡು, ಹೆಚ್ಚಿನವು ತಪ್ಪು ಆಯ್ಕೆ ಮಾಡಿದ್ವು. ಒಬ್ಬರ ತಲೆಯಲ್ಲಿ ಮಾತ್ರ ಇರೋದು ಟೇಬಲ್ ಮೇಲೆ ಬರೋದೇ ಕಷ್ಟ. ನೀವೋ, ಇಡೀ ಕೇಸನ್ನೇ ಒಬ್ಬರ ತಲೆಯಲ್ಲಿ ಇಟ್ಟು ಬೀಗ ಹಾಕ್ತಿದ್ದೀರ!

ಅಲ್ಲಿಂದ ಒಬ್ಬರು ಎದ್ದು ನಿಲ್ತಾರೆ, ಗೊತ್ತು. "ಸರ್, ಶ್ರಮ ವಿಭಜನೆ! ಅರ್ಥಶಾಸ್ತ್ರದ ಆಡಂ ಸ್ಮಿತ್ ಬರೆದಿಲ್ವಾ! ಹತ್ತು ಜನ ಕೆಲಸ ಹಂಚ್ಕೊಂಡು ದಿನಕ್ಕೆ 48,000 ಪಿನ್ ಮಾಡಿದ್ರು!" ಹೌದಪ್ಪಾ, ಮಾಡಿದ್ರು. ನೀನು ಲಕ್ಷಗಟ್ಟಲೆ ಫೀಸ್ ಕಟ್ಟಿ ಪಿನ್ ಮಾಡೋಕೆ ಹೋಗ್ತಿದ್ದೀಯಾ? ಕೂತ್ಕೋ.

ಇನ್ನೊಬ್ಬರು: "ಟೈಮ್ ಎಲ್ಲಿದೆ ಸರ್?" ಬನ್ನಿ, ಲೆಕ್ಕ ಹಾಕೋಣ. ಕೇಸ್ ಕಟ್ಟು ಎರಡು ಮೂರು ವಾರ ಮೊದಲೇ ಕೈಗೆ ಬರುತ್ತೆ. ಮೊದಲ ಓದಿಗೆ ಕೇಸಿಗೆ 45 ನಿಮಿಷ. 15 ಕೇಸಿಗೆ ಹನ್ನೊಂದೂಕಾಲು ಗಂಟೆ. ಎರಡು ವಾರಕ್ಕೆ ಹರಡಿದ್ರೆ ದಿನಕ್ಕೆ 50 ನಿಮಿಷಾನೂ ಇಲ್ಲ. ಸಿಲ್ಕ್ ಬೋರ್ಡಲ್ಲಿ ನಿಂತಿರೋ ಕ್ಯಾಬಲ್ಲೇ ಮುಗಿಯುತ್ತೆ! ಓದೋ ಕ್ರಮ: ಮೊದಲ ಎರಡು ಪುಟ, ಕೊನೇ ಪುಟ, ಆಮೇಲೆ ಎಕ್ಸಿಬಿಟ್‌ಗಳು, ಕಡೆಗೆ ಮಧ್ಯದ ಕಥೆ. ಕಂಪನಿ ಸ್ಥಾಪಕರ ಬಾಲ್ಯ ಗೀಲ್ಯ ಎಲ್ಲ ಕಣ್ಣಾಡಿಸಿ ಬಿಟ್ರೆ ಸಾಕು.

ಕ್ಯಾಂಪಸ್ಸಲ್ಲಿ ರಾತ್ರಿ ಎಂಟೂವರೆಗೆ ಐದೂ ಜನ ಒಂದೇ ಟೇಬಲ್. ಕೇಸಿಗೆ 50 ನಿಮಿಷ. ಮೊದಲ 25 ನಿಮಿಷ ಬಾಯಿಗೆ ಬೀಗ. ಪೇಪರ್, ಪೆನ್ಸಿಲ್, ಎರಡನೇ ಓದು. ಲ್ಯಾಪ್‌ಟಾಪ್ ಮುಚ್ಚಿರಬೇಕು. ತೆರೆದಿದ್ರೆ ಆಫೀಸ್ ಮೆಸೇಜ್ ಬರುತ್ತೆ, ನೀವು ಉತ್ತರ ಕೊಡ್ತೀರ. ಆಮೇಲೆ ಐದು ನಿಮಿಷ ಒಂದು ಸುತ್ತು: ಒಬ್ಬೊಬ್ಬರೂ ಒಂದು ಅಂಕಿ, ಒಂದು ಅನುಮಾನ. ಅಭಿಪ್ರಾಯ ಹೇಳೋ ಹಾಗಿಲ್ಲ! "ನನ್ನ ಪ್ರಕಾರ" ಅಂತ ಶುರು ಮಾಡಿದೋರು ಮರುದಿನ ಎಲ್ಲರಿಗೂ ಟೀ ಕೊಡಿಸಬೇಕು. ಮಿಕ್ಕ 20 ನಿಮಿಷ ಜಗಳ. ಮೂರು ಕೇಸಿಗೆ ಎರಡೂವರೆ ಗಂಟೆ, ನಡುವೆ ಹತ್ತು ನಿಮಿಷ ಟೀ. ಹನ್ನೊಂದು ಹತ್ತಕ್ಕೆ ಹಾಸಿಗೆ. ಎರಡು ಗಂಟೆವರೆಗೆ ಕೂತಿದ್ವಿ ಅಂತ ಗ್ರೂಪಲ್ಲಿ ಸೆಲ್ಫಿ ಹಾಕೋರು ಮರುದಿನ ಮಧ್ಯಾಹ್ನದ ಸೆಷನ್ನಲ್ಲಿ ತೂಕಡಿಸ್ತಾರೆ.

ಈಗ ಹಂಚ್ಕೊಂಡೋರ ರಾತ್ರಿ ನೋಡಿ. ಒಂದು ಗಂಟೆ ಓದು, ಅರ್ಧ ಗಂಟೆ ಸಮ್ಮರಿ ಟೈಪ್, ಮಿಕ್ಕೋರ ಸಮ್ಮರಿಗೆ ಕಾಯೋದು, "ಬ್ರೋ, ಹಾಕಿದ್ಯಾ?" "ಹತ್ತು ನಿಮಿಷ ಬ್ರೋ", ಅದು ಹನ್ನೆರಡೂವರೆಗೆ ಬರೋದು, ತೆರೆದ್ರೆ ಎರಡು ಸಾಲು. ಇಷ್ಟರಲ್ಲಿ ಉಳಿದ ಟೈಮ್ ಯಾವುದು ಸ್ವಾಮಿ?

ಅಂದಹಾಗೆ ಈ 25-5-20ರ ಶೀಟನ್ನ ಒಂದೇ ಪುಟಕ್ಕೆ ಇಳಿಸಿ ಚಾನೆಲ್ ಮೆಂಬರ್‌ಗಳಿಗೆ ಹಾಕಿದ್ದೀನಿ. ಮೆಂಬರ್ ಆಗದೋರು ಸ್ಕ್ರೀನ್‌ಶಾಟ್ ತಗೊಂಡೇ ತಗೋತೀರ, ಗೊತ್ತು. ತಗೊಳ್ಳಿ, ಸಬ್‌ಸ್ಕ್ರೈಬ್ ಆದ್ರೂ ಮಾಡಿ.

ಆ ಒಂದು ಸುತ್ತಿನಲ್ಲಿ ಚಿಕ್ಕೋರು ಮೊದಲು ಮಾತಾಡಬೇಕು. ವಯಸ್ಸಲ್ಲಿ ಚಿಕ್ಕೋರು, ಹುದ್ದೆಯಲ್ಲಿ ಚಿಕ್ಕೋರು. ನಮ್ಮ ಕಡೆ ಟೀಮಲ್ಲಿ 44 ವರ್ಷದ ವೈಸ್ ಪ್ರೆಸಿಡೆಂಟ್ ಒಬ್ಬರಿದ್ರೆ ಎಲ್ಲರೂ ಅವರಿಗೆ "ಸರ್". ಸರ್ ಬಾಯಿ ತೆರೆದ್ರೆ ಚರ್ಚೆ ಬಾಗಿಲು ಹಾಕ್ಕೊಳ್ತು. ಆ ವಾರದ ಮಟ್ಟಿಗೆ ಸರ್, ಮೇಡಂ ಎರಡಕ್ಕೂ ರಜೆ. ಬರೀ ಹೆಸರು ಕರೆಯೋಕೆ ನಾಲಿಗೆ ಏಳದಿದ್ರೆ ಹೆಸರಿನ ಮುಂದೆ "ಅವ್ರೇ" ಸೇರಿಸಿ. ಇಂಗ್ಲಿಷಲ್ಲಿ ತಡವರಿಸೋರು ಇದ್ರೆ ಜಗಳದ 20 ನಿಮಿಷ ಯಾವ ಭಾಷೆಯಲ್ಲಾದ್ರೂ ಆಡ್ಲಿ, ಅರ್ಥ ಆದ್ರೆ ಸಾಕು. ಬೋರ್ಡಲ್ಲಿ ಬರೆಯೋರು ಕೇಸ್ ಕೇಸಿಗೂ ಬದಲಾಗಬೇಕು. ಇಲ್ಲದಿದ್ರೆ ಏನಾಗುತ್ತೆ ಗೊತ್ತಲ್ಲ? "ನಿಮ್ಮ ಹ್ಯಾಂಡ್‌ರೈಟಿಂಗ್ ಚೆನ್ನಾಗಿದೆ" ಅಂತ ಟೀಮಲ್ಲಿರೋ ಒಬ್ಬ ಹೆಣ್ಣುಮಗಳ ಕೈಗೆ ಮಾರ್ಕರ್ ಕೊಟ್ಟು, ಐದು ದಿನ ಅವರನ್ನ ಗುಮಾಸ್ತರನ್ನಾಗಿ ಮಾಡಿಬಿಡ್ತೀರ. ಆಮೇಲೆ "ಅವರು ಜಾಸ್ತಿ ಮಾತಾಡಲ್ಲ" ಅಂತ ದೂರು ಬೇರೆ.

"ನಂಗೆ ರಾತ್ರಿ ಒಂಬತ್ತೂವರೆಗೆ ಅಮೆರಿಕದ ಕ್ಲೈಂಟ್ ಕಾಲ್ ಇದೆ." ಇರುತ್ತೆ. ಮನೇಲಿ ಮಕ್ಕಳೂ ಇರ್ತಾವೆ. ಭಾನುವಾರ ಸಂಜೆ ಚೆಕ್‌ಇನ್ ಆದ ತಕ್ಷಣ ಒಂದು ಹಾಳೆಯಲ್ಲಿ ಐದೂ ಜನರ ಕಾಲ್, ಮನೆಗೆ ಫೋನ್ ಮಾಡೋ ಹೊತ್ತು ಬರ್ಕೊಳ್ಳಿ. ಎಂಟರಿಂದ ಎಂಟೂವರೆ ಮನೆಯೋರಿಗೆ. ಕ್ಲೈಂಟ್ ಕಾಲ್ ಇರೋ ದಿನ ಮನೆ ಫೋನ್ ಮೊದಲೇ ಮುಗಿಸಿ ಮುಕ್ಕಾಲು ಗಂಟೆ ಬೇಗ ಕೂರೋದು, ಅವರು ಇರೋ ಹೊತ್ತಿಗೇ ಎರಡು ಕೇಸ್ ಮುಗಿಯೋ ಹಾಗೆ. ಮೊದಲೇ ಹೇಳಿ ಎದ್ದು ಹೋದ್ರೆ ಕೆಲಸ. ಹೇಳದೆ ಎದ್ದು ಹೋದ್ರೆ ಬುಧವಾರದ ಹೊತ್ತಿಗೆ "ಅವನು ಕೈ ಎತ್ತಿದ" ಅಂತ ನಾಲ್ಕು ಜನರ ಬೇರೆ ಗ್ರೂಪ್ ಶುರು ಆಗಿರುತ್ತೆ.

ಈಗ ಪಾರ್ಟಿ ಪಕ್ಷದೋರು. "ಮೊದಲ ರಾತ್ರಿ ಎರಡು ಪೆಗ್ ಹಾಕಿದ್ರೆ ಎಲ್ಲ ಓಪನ್ ಆಗ್ತಾರೆ ಸರ್." ಯಾರು ಓಪನ್ ಆಗ್ತಾರೆ? ಕುಡಿಯೋ ಮೂವರು. ಕುಡಿಯದ ಇಬ್ಬರು ಕಡಲೆಕಾಯಿ ತಿಂದು ಒಂಬತ್ತಕ್ಕೆ ಎದ್ದು ಹೋಗ್ತಾರೆ. ಅಲ್ಲಿಗೆ ಒಂದು ಟೀಮಿದ್ದಿದ್ದು ಎರಡಾಯ್ತು! ಇನ್ನು ಕಾಲೇಜಿನ ಆಫೀಸಿನೋರು ಆಡಿಸೋ ಆಟಗಳು, ಎರಡು ನಿಜ ಒಂದು ಸುಳ್ಳು, ಕಡ್ಡಿ ಜೋಡಿಸಿ ಗೋಪುರ ಕಟ್ಟೋದು... ಆಡಿ, ನಗಿ, ಫೋಟೋ ತೆಗೀರಿ. ಅದರಿಂದ ಒಬ್ಬರ ಹೆಸರು ಇನ್ನೊಬ್ಬರಿಗೆ ಗೊತ್ತಾಗುತ್ತೆ. ಅಷ್ಟೇ, ಒಬ್ಬರ ತಲೆ ಹೇಗೆ ಓಡುತ್ತೆ ಅಂತ ಗೊತ್ತಾಗಲ್ಲ. ಅದು ಗೊತ್ತಾಗೋದು ಕೇಸ್ ಮೇಲೆ ಜಗಳ ಆಡಿದಾಗ. ಜಗಳ ಆಗಬೇಕು ಅಂದ್ರೆ ಐದೂ ಜನ ಅದೇ ಪುಟ ಓದಿರಬೇಕು. ಅದೇ ಪುಟ! ಎಷ್ಟು ಸಲ ಹೇಳ್ಲಿ?

ಟಕ್‌ಮನ್ ಅನ್ನೋ ಮನಶ್ಶಾಸ್ತ್ರಜ್ಞರು 1965ರಲ್ಲೇ ಬರೆದಿಟ್ಟಿದ್ದಾರೆ, ಗುಂಪು ಕೂಡೋ ಹಂತ ಆದ ಮೇಲೆ ಕಿತ್ತಾಡೋ ಹಂತ ಬರುತ್ತೆ, ಆಮೇಲೇ ಹೊಂದ್ಕೊಳ್ಳೋದು ಅಂತ. ಹಂಚ್ಕೊಂಡ ಟೀಮಿಗೆ ಕಿತ್ತಾಡೋಕೆ ವಿಷಯಾನೇ ಇರಲ್ಲ. ಐದು ದಿನ ತುಂಬ ಸಭ್ಯರು. ಶುಕ್ರವಾರ ರಾತ್ರಿ ಪ್ರೆಸೆಂಟೇಷನ್ ಜೋಡಿಸೋವಾಗ ಎಲ್ಲ ಒಟ್ಟಿಗೆ ಸ್ಫೋಟ. ಐದು ಥರ ಅಕ್ಷರ, ಐದು ಬಣ್ಣ, ನಾಲ್ಕನೇ ಸ್ಲೈಡಲ್ಲಿ ಮಾರುಕಟ್ಟೆ 400 ಕೋಟಿ, ಒಂಬತ್ತನೇ ಸ್ಲೈಡಲ್ಲಿ ಅದೇ ಮಾರುಕಟ್ಟೆ 650 ಕೋಟಿ. ಪೂರಾ ಚಿತ್ರಾನ್ನ.

"ಹಂಗಾದ್ರೆ ಸ್ಲೈಡೂ ಹಂಚ್ಕೋಬಾರದಾ?" ಟೈಪಿಂಗ್ ಹಂಚ್ಕೊಳ್ಳಿ, ಬೇಡ ಅನ್ನಲ್ಲ. ಅಂಕಿಗಳು ಮಾತ್ರ ಒಂದೇ ಎಕ್ಸೆಲ್ ಶೀಟಲ್ಲಿರಲಿ, ಎಲ್ಲ ಸ್ಲೈಡೂ ಅಲ್ಲಿಂದಲೇ ತಗೊಳ್ಳಲಿ. ಗುರುವಾರ ರಾತ್ರಿಯೇ ಸ್ಲೈಡಿನ ಶೀರ್ಷಿಕೆಗಳನ್ನಷ್ಟೇ ಐದೂ ಜನ ಕೂತು ಬರೀರಿ. ಶೀರ್ಷಿಕೆ ಓದ್ಕೊಂಡು ಹೋದ್ರೆ ವಾದ ಅರ್ಥ ಆಗಬೇಕು. ಶುಕ್ರವಾರ ರಿಹರ್ಸಲ್‌ಗೆ ಚೀಟಿ ಎತ್ತಿ, ಯಾರಿಗೆ ಯಾವ ಸ್ಲೈಡ್ ಬರುತ್ತೋ ಅದನ್ನ ಅವರು ಹೇಳಬೇಕು. "ಅದು ನಾನು ಮಾಡಿದ್ದಲ್ಲ" ಅನ್ನೋ ಮಾತು ಯಾರ ಬಾಯಿಂದ ಬಂತೋ, ಆ ಸ್ಲೈಡ್ ಇನ್ನೂ ಟೀಮಿಂದಾಗಿಲ್ಲ ಅಂತ ತಿಳ್ಕೊಳ್ಳಿ.

ಇವತ್ತಿನ ಹೊಸ ಕಾಯಿಲೆ ಬೇರೆ ಇದೆ. "ಹಂಚ್ಕೊಳ್ಳೋದೂ ಬೇಡ, ಓದೋದೂ ಬೇಡ ಸರ್, ಎಐಗೆ ಹಾಕಿದ್ರೆ ಸಮ್ಮರಿ ಬರುತ್ತೆ." ಬರುತ್ತೆ! ಐದೂ ಜನಕ್ಕೂ ಅದೇ ಬರುತ್ತೆ! ಪಕ್ಕದ ಟೀಮಿಗೂ ಅದೇ! ಹಾಗಾದ್ರೆ ಅದರ ಜೊತೆಗೇ ಬಾಂಡಿಂಗ್ ಮಾಡ್ಕೊಳ್ಳಿ, ಅಲ್ಯುಮ್ನಿ ಮೀಟಿಗೆ ಅದನ್ನೇ ಕರ್ಕೊಂಡು ಹೋಗಿ!

ಇಲ್ಲ, ನೀರು ಕುಡೀತೀನಿ ಇರಿ.

ಇನ್ನೂ ಎರಡು ಕಾರಣ ಬರ್ಕೊಂಡಿದ್ದೆ. ಒಂದು ರಿಂಗಲ್ಮನ್ ಅನ್ನೋರ ಹಗ್ಗ ಎಳೆಯೋ ಪ್ರಯೋಗ, 1913ರದ್ದು, ಜನ ಹೆಚ್ಚಾದಷ್ಟೂ ಒಬ್ಬೊಬ್ಬರು ಎಳೆಯೋದು ಕಡಿಮೆ ಆಗುತ್ತೆ ಅಂತ. ಈಗ ನೋಡಿದ್ರೆ ಅದು ನನ್ನ ವಾದಕ್ಕೇ ಸ್ವಲ್ಪ ಉಲ್ಟಾ ಹೊಡೀತಾ ಇದೆ. ಹೋಗ್ಲಿ ಬಿಡಿ. ಇನ್ನೊಂದು ನನ್ನ ಅಕ್ಷರ ನನಗೇ ಓದೋಕೆ ಆಗ್ತಿಲ್ಲ. ಕಾರಣ ಇರಲಿ, ಬಿಡಲಿ, ಹಂಚ್ಕೋಬೇಡಿ. ಯಾಕೆ ಅಂತ ಕೇಳ್ಬೇಡಿ. ಹಂಚ್ಕೋಬೇಡಿ ಅಂದ್ರೆ ಹಂಚ್ಕೋಬೇಡಿ!

ಮುಂದಿನ ವಾರ, ರೆಸಿಡೆನ್ಸಿ ಮುಗಿದ ಮೇಲೆ ಟೀಮಿನೋರೇ ಟೀಮಿನೋರಿಗೆ ಮಾರ್ಕ್ಸ್ ಕೊಡ್ತಾರಲ್ಲ, ಅದರ ಬಗ್ಗೆ. ಎಲ್ಲರಿಗೂ ಹತ್ತಕ್ಕೆ ಹತ್ತು ಕೊಟ್ಟು ಕೈ ತೊಳ್ಕೊಳ್ಳೋ ಪುಣ್ಯಾತ್ಮರು ತಯಾರಾಗಿ ಬನ್ನಿ, ನಿಮಗೂ ಇದೆ. ಬೆಲ್ ಒತ್ತಿ. ಕಾಫಿ ಮಗ್ ಇನ್ನೂ ಹನ್ನೆರಡು ಉಳಿದಿವೆ, ಲಿಂಕ್ ಕೆಳಗಿದೆ.