ಹಾಳೆ ತಟ್ಟೆ ಶೆಡ್ಡಿಗೆ ಹೊಸ ಲೈನ್: ಎಕ್ಸ್‌ಟೆನ್ಷನ್ ಬಾಕ್ಸ್ ಯಾಕೆ ತೆಗೆಸಿದೆ

ನಮಸ್ಕಾರ, ಎಲ್ಲರೂ ಹೇಗಿದ್ದೀರಿ? ಇದು ತೀರ್ಥಹಳ್ಳಿ ಹತ್ತಿರ ನಮ್ಮ ಅಡಿಕೆ ಹಾಳೆ ತಟ್ಟೆ ಮಾಡುವ ಶೆಡ್ಡು. ತಗಡಿನ ಮಾಡು, ಮೇಲೆ ಮಳೆ, ಹಾಗಾಗಿ ವಿಡಿಯೊಗೆ ಮಾತನ್ನು ಮನೆಯೊಳಗೆ ಕೂತು ಸೇರಿಸುತ್ತಿದ್ದೇನೆ. ಹಾಳೆ ತೊಳೆಯುವುದು, ನೆನೆಸುವುದು, ಬಸಿಯಲು ಇಡುವುದು ನೀವೇ ನೋಡುತ್ತಿದ್ದೀರಿ, ಅದನ್ನೆಲ್ಲ ಹೇಳುವುದಿಲ್ಲ. ನೆಲ ನೋಡಿ. ಎಲ್ಲ ಕಡೆ ನೀರು. ಇನ್ನೊಂದು ಮೂಲೆಯಲ್ಲಿ ಒಣಗಿದ ಹಾಳೆ ರಾಶಿ, ಕಿಡಿ ಬಿದ್ದರೆ ಮುಗೀತು. ಈ ಎರಡರ ನಡುವೆ ಎಕ್ಸ್‌ಟೆನ್ಷನ್ ಬಾಕ್ಸಿನ ಬಿಳಿ ವೈರ್ ಹೋಗಿದೆ ಅಲ್ವಾ, ಇವತ್ತಿನ ಮಾತು ಅದರದ್ದೇ.

ಬಿಸಿ ಅಚ್ಚಿನಲ್ಲಿ ಹಾಳೆ ಒತ್ತಿ ತಟ್ಟೆ ಮಾಡುವ ಯಂತ್ರ ಕೂರಿಸಲು ಬಂದವರು "ಸದ್ಯಕ್ಕೆ ಇರಲಿ ಅಕ್ಕ, ಆಮೇಲೆ ಲೈನ್ ಎಳೆಸಿಕೊಳ್ಳಿ" ಅಂತ ಈ ಬಾಕ್ಸ್ ಇಟ್ಟು ಹೋದರು. ನನ್ನ ಮಟ್ಟಿಗೆ, ಕೆಲಸದ ಜಾಗದಲ್ಲಿ ಎಕ್ಸ್‌ಟೆನ್ಷನ್ ಬಾಕ್ಸ್ ಇರಲೇಬಾರದು. ಯಂತ್ರ ಒಂದೇ ಜಾಗದಲ್ಲಿ ನಿಲ್ಲುತ್ತದೆ ಅಂದಮೇಲೆ ಅದರ ಪಕ್ಕದ ಗೋಡೆಯಲ್ಲೇ ಪಾಯಿಂಟ್ ಬೇಕು.

ಲೆಕ್ಕ ಕಷ್ಟ ಇಲ್ಲ. ಯಂತ್ರದ ಮೇಲೆ ಎಷ್ಟು ವ್ಯಾಟ್ ಅಂತ ಬರೆದಿರುತ್ತದೆ. ಅದನ್ನು ಲೈನಿನ ವೋಲ್ಟೇಜ್ 230ರಿಂದ ಭಾಗಿಸಿದರೆ ಯಂತ್ರ ಎಷ್ಟು ಆಂಪಿಯರ್ ಕರೆಂಟ್ ಎಳೆಯುತ್ತದೆ ಅಂತ ಸಿಗುತ್ತದೆ. ನಮ್ಮ ಅಚ್ಚುಗಳ ಹೀಟರ್ ಎಲ್ಲ ಸೇರಿ 2000 ವ್ಯಾಟ್. ಅಂದರೆ ಒಂಬತ್ತು ಆಂಪಿಯರ್ ಹತ್ತಿರ. ಸಣ್ಣ ಪಿನ್ನಿನ ಪ್ಲಗ್ ಇರುವುದು 6 ಆಂಪಿಯರ್‌ಗೆ, 1380 ವ್ಯಾಟ್‌ಗೇ ಅದರ ಕಥೆ ಮುಗಿಯಿತು. ಇಲ್ಲಿ ಅದೇ ಬಾಕ್ಸಿಗೆ ಫ್ಯಾನನ್ನೂ ಚುಚ್ಚಿದ್ದಾರೆ.

ವೈರ್ ಸಾಮಾನು ತರಲು ಹೊರಟೆ, ಈಗ ನೋಡುತ್ತಿರುವುದು ಶಿವಮೊಗ್ಗದ ದಾರಿ. ಮಂಡಗದ್ದೆಯಲ್ಲಿ ಹೊಳೆ ಮಧ್ಯದ ಮರಗಳ ಮೇಲೆ ಹಕ್ಕಿಗಳು ಬಂದು ಕೂತಿವೆ, ಬಸ್ಸಿನ ಕಿಟಕಿಯಿಂದ ಇಷ್ಟೇ ಸಿಕ್ಕಿತು. ಗಾಜನೂರು ಡ್ಯಾಂ ತುಂಬಿದೆ. ಮಳೆಗಾಲದಲ್ಲಿ ಈ ದಾರಿಯಷ್ಟು ಚೆಂದ ಬೇರೆ ಯಾವುದೂ ಇಲ್ಲ. ಆಗುಂಬೆ ಕಡೆಯವರು ಒಪ್ಪುವುದಿಲ್ಲ, ಗೊತ್ತು. ಸರಿ, ಅಂಗಡಿ ಬಂತು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮೊದಲನೇ ಅಂಗಡಿಯಲ್ಲಿ ಕೊಟ್ಟ ರೆಡಿಮೇಡ್ ಬಾಕ್ಸ್ 380 ರೂಪಾಯಿ. ಮೇಲೆ ದಪ್ಪ ಅಕ್ಷರದಲ್ಲಿ 16 ಆಂಪಿಯರ್ ಅಂತ ಇದೆ. ವೈರಿನ ಮೈಮೇಲೆ ಸಣ್ಣ ಅಕ್ಷರದಲ್ಲಿ 0.75 ಅಂತ ಇದೆ. ಅದು ಒಳಗಿನ ತಾಮ್ರದ ದಪ್ಪ, ಚದರ ಮಿಲಿಮೀಟರ್ ಲೆಕ್ಕದಲ್ಲಿ. ಅಷ್ಟು ತೆಳು ವೈರ್ ಆರೇಳು ಆಂಪಿಯರ್ ತಡೆದರೆ ಹೆಚ್ಚು. ಇದಕ್ಕೆ 16 ಅಂತ ಹೇಗೆ ಬರೆಯುತ್ತಾರೆ ಅಂತ ಕೇಳಿದೆ. "ಎಲ್ಲರೂ ಇದನ್ನೇ ತಗೊಂಡು ಹೋಗ್ತಾರೆ ಮೇಡಂ, ಏನೂ ಆಗಲ್ಲ" ಅಂದರು. ನನಗೆ ನಿಜವಾಗಿ ಸಿಟ್ಟು ಬಂತು. ಯಾಕೆಂದರೆ ವೈರಿನಲ್ಲಿ ಕರೆಂಟ್ ಎರಡು ಪಟ್ಟಾದರೆ ಬಿಸಿ ನಾಲ್ಕು ಪಟ್ಟಾಗುತ್ತದೆ. ಮೇಲಿನ ಸಾಮಾನ್ಯ ಪಿವಿಸಿ ಪದರ ಇರುವುದೇ 70 ಡಿಗ್ರಿವರೆಗೆ. "ಎಂಸಿಬಿ ಬೀಳುತ್ತಲ್ಲ" ಅಂತಲೂ ಹೇಳಿದರು. ಎಂಸಿಬಿ ಅಂದರೆ ಕರೆಂಟ್ ಮಿತಿ ಮೀರಿದರೆ ತಾನಾಗಿ ಬಿದ್ದು ಲೈನ್ ಕಡಿಯುವ ಸ್ವಿಚ್. ಬೀಳುವುದಿಲ್ಲ! 16 ಆಂಪಿಯರ್ ಎಂಸಿಬಿ ಇರುವುದು ಗೋಡೆಯೊಳಗಿನ ದಪ್ಪ ವೈರ್ ಕಾಯಲು. ಹೊರಗೆ ಚುಚ್ಚಿದ ತೆಳು ವೈರಿನಲ್ಲಿ ಹನ್ನೆರಡು ಆಂಪಿಯರ್ ಹರಿದು ಅದು ಕರಗುತ್ತಿದ್ದರೂ ಎಂಸಿಬಿ ಸುಮ್ನೆ ಇರುತ್ತದೆ. ನಮ್ಮ ಕಡೆ ಹಾಳೆ ಶೆಡ್ಡು, ಅಡಿಕೆ ಸುಲಿಯುವ ಮನೆ, ಗರಗಸದ ಅಂಗಡಿ ಎಲ್ಲ ಕಡೆಯೂ ಇದೇ ಬಾಕ್ಸು. ದಯವಿಟ್ಟು ಬಾಕ್ಸಿನ ಮೇಲಿನದನ್ನು ಓದಬೇಡಿ, ವೈರ್ ಓದಿ. ವೈರಿನ ಮೇಲೆ ಏನೂ ಬರೆದಿಲ್ಲ ಅಂದರೆ ಅದನ್ನು ಅಲ್ಲೇ ಬಿಟ್ಟು ಬನ್ನಿ.

ಇನ್ನೊಂದು ಅಂಗಡಿಯಲ್ಲಿ 2.5ರ ಮೂರೆಳೆ ವೈರ್ ಐದು ಮೀಟರ್ ಅಳೆಸಿಕೊಂಡೆ. 16 ಆಂಪಿಯರ್ ಪ್ಲಗ್, ಸಾಕೆಟ್, ಬಾಕ್ಸ್ ಸೇರಿ 1,100 ರೂಪಾಯಿ ಆಯಿತು. ಜಾಸ್ತಿನೇ. ಆದರೂ ಇದೇ ಸರಿಯಾದ ಬೆಲೆ.

ಬಾಕ್ಸೇ ಬೇಡ ಅಂದವಳು ಮತ್ತೆ ಯಾಕೆ ತಂದೆ ಅಂತೀರಾ? ಯಂತ್ರಕ್ಕಲ್ಲ. ಬಿಸಿಲು ಬಂದ ದಿನ ಪ್ಯಾಕಿಂಗ್ ಸೀಲರ್ ಇಟ್ಟುಕೊಂಡು ಜಗುಲಿಯಲ್ಲಿ ಕೂರುತ್ತೇವೆ, ಅಲ್ಲಿ ಪಾಯಿಂಟ್ ಇಲ್ಲ. ಅಂಥ ಅರ್ಧ ದಿನದ ಕೆಲಸಕ್ಕೆ ಎಕ್ಸ್‌ಟೆನ್ಷನ್ ಬೇಕು, ಒಪ್ಪುತ್ತೇನೆ. ಕೆಲಸ ಮುಗಿದ ಕೂಡಲೇ ಕಿತ್ತು ಒಳಗಿಡಬೇಕು, ಅಷ್ಟೇ.

ಇಲ್ಲಿ ಗೋಣಿಚೀಲ ಎತ್ತುತ್ತಿದ್ದಾರೆ ನೋಡಿ. ಕಾಲಿಗೆ ಸಿಗಬಾರದು ಅಂತ ವೈರ್ ಮೇಲೆ ಹಾಸಿದ್ದರು. ಒಳ್ಳೆ ಮನಸ್ಸಿನಿಂದಲೇ ಮಾಡಿದ್ದು, ಆದರೆ ಬಿಸಿ ಹೋಗಲು ದಾರಿ ಇಲ್ಲ, ಕೆಳಗೆ ಇಲಿ ಕಡಿದರೂ ಕಾಣುವುದಿಲ್ಲ. ಕಡಿದೇ ಇದೆ, ಇಲ್ಲಿ ತಾಮ್ರ ಕಾಣುತ್ತಿದೆ. ಇದಕ್ಕೆ ಟೇಪ್ ಸುತ್ತಿ ಮತ್ತೆ ಬಳಸುವ ಮಾತೇ ಇಲ್ಲ. ಉಳಿದ ವೈರನ್ನು ಸುರುಳಿ ಸುತ್ತಿ ಮೊಳೆಗೆ ನೇತು ಹಾಕಿದ್ದಾರೆ. ಭಾರದ ಯಂತ್ರ ಓಡುವಾಗ ಸುರುಳಿ ಪೂರ್ತಿ ಬಿಚ್ಚಲೇಬೇಕು. ಇಲ್ಲದಿದ್ದರೆ ಒಳಗಿನ ಸುತ್ತುಗಳ ಬಿಸಿ ಹೊರಗೆ ಬರುವುದೇ ಇಲ್ಲ. ಒಂದು ಬಾಕ್ಸಿಗೆ ಇನ್ನೊಂದು ಬಾಕ್ಸ್ ಚುಚ್ಚುವುದಂತೂ ಬೇಡವೇ ಬೇಡ.

ಈಗ ಎಲೆಕ್ಟ್ರಿಷಿಯನ್ ಅಣ್ಣ ಮೀಟರ್ ಬೋರ್ಡಿನಿಂದ ಬೇರೆಯೇ ಲೈನ್ ಎಳೆಯುತ್ತಿದ್ದಾರೆ. ಪಾಯಿಂಟ್ ಸೊಂಟದ ಎತ್ತರದಲ್ಲಿ, ನೆಲದ ನೀರು ಅಲ್ಲಿಗೆ ಮುಟ್ಟುವುದಿಲ್ಲ. ಪ್ಲಗ್ಗಿನ ಮೇಲಿನ ಪಿನ್ ಉದ್ದ, ದಪ್ಪ ಇದೆ ಅಲ್ವಾ, ಅದು ಅರ್ತ್. ಮೊದಲು ಒಳಗೆ ಹೋಗುವುದು, ಕೊನೆಗೆ ಹೊರಗೆ ಬರುವುದು ಅದೇ. ತೂರುವುದಿಲ್ಲ ಅಂತ ಅದನ್ನು ಕತ್ತರಿಸಿ ಎಸೆಯುವವರನ್ನು ನೋಡಿದ್ದೇನೆ. ಯಂತ್ರದ ಕಬ್ಬಿಣದ ಮೈಗೆ ಕರೆಂಟ್ ಬಂದರೆ ಅದು ನೆಲಕ್ಕೆ ಹೋಗಲು ಇರುವ ದಾರಿಯೇ ಈ ಪಿನ್.

ನಾಳೆಯಿಂದ ಹಾಳೆ ನೆನೆಸುವವರು ಸ್ವಿಚ್ ಮುಟ್ಟುವುದಿಲ್ಲ, ಯಂತ್ರದ ಮುಂದೆ ಕೂತವರು ನೀರಿಗೆ ಕೈ ಹಾಕುವುದಿಲ್ಲ ಅಂತ ಎಲ್ಲರಿಗೂ ಹೇಳಿದ್ದೇನೆ. ಮೇನ್ ಸ್ವಿಚ್ ಎದುರಿನ ರಾಶಿಯನ್ನೂ ಜರುಗಿಸಿದೆವು. ಯಾರಿಗಾದರೂ ಶಾಕ್ ಹೊಡೆದರೆ ಅವರನ್ನು ಹಿಡಿಯಲು ಹೋಗಬಾರದು, ಮೊದಲು ಓಡಬೇಕಾದದ್ದು ಆ ಸ್ವಿಚ್ಚಿಗೆ.

ಕೊನೆಯ ಶಾಟ್, ಇದು ಆರ್‌ಸಿಸಿಬಿ, ಕರೆಂಟ್ ಬೇರೆ ಕಡೆ ಸೋರಿದರೆ ತಕ್ಷಣ ಲೈನ್ ಕಡಿಯುವ ಸ್ವಿಚ್. 30 ಮಿಲಿಆಂಪಿಯರಿನದು. ಒದ್ದೆ ಜಾಗಕ್ಕೆ ಇದು ಇರಲೇಬೇಕು, ಎಂಸಿಬಿ ಮಾತ್ರ ಇದ್ದರೆ ಶಾಕ್‌ನಿಂದ ಕಾಪಾಡುವುದಿಲ್ಲ. ಟೆಸ್ಟ್ ಅಂತ ಬಟನ್ ಇದೆ, ತಿಂಗಳಿಗೊಮ್ಮೆ ಒತ್ತಿ. ಟಕ್ ಅಂತ ಬಿದ್ದರೆ ಸರಿ ಇದೆ. ಬೀಳದಿದ್ದರೆ ಅವತ್ತು ಯಂತ್ರ ಹಾಕಬೇಡಿ, ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿ. ಅಚ್ಚು ಕಾಯಲು ಶುರುವಾಯಿತು, ಬೆಳಿಗ್ಗೆ ತಟ್ಟೆ ಒಯ್ಯಲು ವ್ಯಾನ್ ಬರುತ್ತದೆ. ನಾನು ಹೊರಟೆ, ಬರಲಾ?