ಪಾಪ ಅನ್ನೋದು ಸಾಕು, ಹೊತ್ತಿಗೆ ಊಟ ಹಾಕಿ

ಕೇಳುಗರಿಗೆ ನಮಸ್ಕಾರ.

ನಾಯಿ ಸಾಕಬೇಕು ಅಂತ ಹೊರಟವರ ಕಣ್ಣು ಮೊದಲು ಹೋಗುವುದು ಮರಿಗಳ ಕಡೆಗೆ. ಪ್ರಾಣಿರಕ್ಷಣಾ ಕೇಂದ್ರಕ್ಕೆ ಒಂದು ಭಾನುವಾರ ಹೋಗಿ ನೋಡಿ. ಮರಿಗಳ ಮುಂದೆ ಜನ, ಮೊಬೈಲು, ಮಕ್ಕಳ ಗಲಾಟೆ. ಕೊನೆಯ ಗೂಡುಗಳ ಹತ್ತಿರ ಮಾತ್ರ ಯಾರೂ ಸುಳಿಯುವುದಿಲ್ಲ. ಅಲ್ಲಿರುವುದು ಏಳೆಂಟು ವರ್ಷ ದಾಟಿದ ನಾಯಿಗಳು. ಮೂತಿ ಬೆಳ್ಳಗಾಗಿರುತ್ತದೆ. ಕರೆದರೆ ಬಾಲ ಆಡಿಸುವುದು ಹಾಗಿರಲಿ, ಗೋಡೆ ಕಡೆ ತಿರುಗಿ ಕೂರುತ್ತವೆ. ಅಂಥದೊಂದನ್ನು ಮನೆಗೆ ಕರೆತರುವ ಮನಸ್ಸು ನಿಮಗಿದ್ದರೆ ಇವತ್ತಿನ ಮಾತು ನಿಮಗೇ.

ಇವು ಬರುವುದು ಎಲ್ಲಿಂದ? ಮನೆಯವರು ಊರು ಬಿಟ್ಟಾಗ ಉಳಿದವು ಕೆಲವು. ಗಾಡಿಗೆ ಸಿಕ್ಕಿ ಬಂದ ಬೀದಿ ನಾಯಿಗಳು ಕೆಲವು. ಜಾತಿ ನಾಯಿಗಳಲ್ಲಿ ಇನ್ನೊಂದು ಗುಂಪಿದೆ: ಬ್ರೀಡರ್‌ಗಳ ಹತ್ತಿರ ಮರಿ ಹಾಕಿ ಹಾಕಿ ಸವೆದುಹೋದ ತಾಯಂದಿರು. ಇದಕ್ಕೆ ಕಾನೂನು ಇಲ್ಲ ಅಂತೇನಲ್ಲ. ನಾಯಿ ತಳಿ ಬೆಳೆಸುವವರಿಗೆಂದು 2017ರಲ್ಲಿ ಬಂದ ಕೇಂದ್ರ ಸರ್ಕಾರದ ನಿಯಮಗಳ ಪ್ರಕಾರ 18 ತಿಂಗಳು ತುಂಬದ ಹೆಣ್ಣು ನಾಯಿಯಿಂದ ಮರಿ ಹಾಕಿಸುವಂತಿಲ್ಲ. 8 ವರ್ಷ ದಾಟಿದ ಮೇಲೂ ಇಲ್ಲ. ಇಡೀ ಜೀವಮಾನದಲ್ಲಿ 5 ಸೂಲು ಮೀರುವಂತಿಲ್ಲ. ಆದರೆ ಗೋಡೆಯಾಚೆ ಲೆಕ್ಕ ಇಡುವವರು ಯಾರು? ಮರಿ ಹಾಕುವುದು ನಿಂತ ಮೇಲೆ ತಾಯಿ ರಸ್ತೆ ಪಾಲು.

ನಮ್ಮ ಮನೆಗೆ ಬಂದದ್ದು ಅಂಥದೇ ಒಂದು ಲ್ಯಾಬ್ರಡಾರ್. ಮೊಣಕೈಯ ಕೂದಲು ಉದುರಿ, ಚರ್ಮ ಕಪ್ಪಗೆ ಜಡ್ಡುಗಟ್ಟಿತ್ತು. ಬರೀ ಸಿಮೆಂಟಿನ ಮೇಲೆ ವರ್ಷಗಟ್ಟಲೆ ಮಲಗಿದ ಗುರುತು ಅದು. ಕೋರೆಹಲ್ಲಿನ ಹಿಂಬದಿ ತೇಯ್ದುಹೋಗಿತ್ತು. ಕಂಬಿ ಕಚ್ಚಿ ಎಳೆಯುವ ನಾಯಿಗಳ ಹಲ್ಲು ಹೀಗಾಗುತ್ತೆ ಅಂದರು ಡಾಕ್ಟರು. ನಮ್ಮ ಅತ್ತೆ ಅದರ ಜೋತುಬಿದ್ದ ಮೊಲೆಗಳನ್ನು ನೋಡಿ, "ಎಷ್ಟು ಬಾಣಂತನ ಆಗಿದೆಯೋ ಇದಕ್ಕೆ, ಒಂದಕ್ಕೂ ಎಣ್ಣೆನೀರು ಕಂಡಂಗಿಲ್ಲ" ಅಂದರು.

ಇಂಥ ನಾಯಿ ಕಂಡರೆ ಯಾರ ಕರುಳಾದರೂ ಚುರ್ ಅನ್ನುತ್ತದೆ. ಅಯ್ಯೋ ಪಾಪ ಅಂತ ತಬ್ಬಿಕೊಳ್ಳುತ್ತೇವೆ. ಅಕ್ಕಪಕ್ಕದವರನ್ನು ಕರೆದು ತೋರಿಸುತ್ತೇವೆ. ಹೊಸ ಹಾಸಿಗೆ, ಚೆಂಡು, ಬಿಸ್ಕತ್ತು ಅಂತ ಸುರಿಯುತ್ತೇವೆ. ನನಗೆ ಕೇಳಿದರೆ ಈ ಪಾಪ ಅನ್ನೋದನ್ನು ಚಪ್ಪಲಿ ಜೊತೆ ಹೊರಗೇ ಬಿಟ್ಟು ಬರಬೇಕು. ಮನುಷ್ಯರ ಕೈ ಅಂದರೆ ಏಟು, ಇಲ್ಲವೇ ಸೂಜಿ ಅಂತಷ್ಟೇ ಗೊತ್ತಿರುವ ಪ್ರಾಣಿಗೆ ನಾಲ್ಕು ಜನ ಮೇಲೆ ಬಿದ್ದು ಮುದ್ದಾಡಿದರೆ ಅದು ಪ್ರೀತಿ ಅಂತ ಹೇಗೆ ತಿಳಿಯಬೇಕು ಹೇಳಿ? ಅದಕ್ಕೆ ನೆಮ್ಮದಿ ಕೊಡುವುದು ವೇಳಾಪಟ್ಟಿ. ಅದೇ ಹೊತ್ತಿಗೆ ಊಟ, ಅದೇ ಮೂಲೆ, ಅದೇ ತಟ್ಟೆ, ಹಾಕುವುದೂ ಅದೇ ಕೈ. ಇನ್ನೇನು ಆಗುತ್ತೆ ಅನ್ನುವುದು ಮೊದಲೇ ಗೊತ್ತಾದರೆ ಹೆದರಿಕೆ ಅರ್ಧ ಇಳಿಯುತ್ತದೆ.

ಮಂಚದ ಕೆಳಗೆ ಸೇರಿಕೊಂಡರೆ ಎಳೆಯಬೇಡಿ, ಇರಲಿ. ನೀರಿನ ಬಟ್ಟಲು ಹತ್ತಿರ ತಳ್ಳಿ, ನಿಮ್ಮ ಕೆಲಸ ನೋಡಿಕೊಳ್ಳಿ. ನಮ್ಮನೆಯದು ಯಾರಾದರೂ ನೋಡುತ್ತಿದ್ದರೆ ನೀರೇ ಕುಡಿಯುತ್ತಿರಲಿಲ್ಲ. ಎಲ್ಲರೂ ಅಡುಗೆಮನೆಗೆ ಹೋದ ಮೇಲೆ ಲಪಲಪ ಸದ್ದು ಕೇಳಿಸುತ್ತಿತ್ತು. ನೆತ್ತಿ ಮೇಲೆ ಕೈ ತರುವುದೂ ಬೇಡ. ಪಕ್ಕಕ್ಕೆ ತಿರುಗಿ ನೆಲದಲ್ಲಿ ಕೂತು, ಕೈ ಕೆಳಗಿಟ್ಟು, ಅದೇ ಬಂದು ಮೂಸುವವರೆಗೆ ಕಾಯಿರಿ.

ಗುರ್ ಅಂದರೆ ಬೈಯಲೇಬೇಡಿ. ಇದನ್ನು ಒತ್ತಿ ಹೇಳುತ್ತೇನೆ. ಗುರ್ ಅನ್ನುವುದು ನೋಟೀಸು: ನನಗೆ ಹೆದರಿಕೆ ಆಗ್ತಿದೆ, ದೂರ ಹೋಗು ಅಂತ. ಬೈದು ಬೈದು ಆ ಸದ್ದು ನಿಲ್ಲಿಸಿದರೆ ಹೆದರಿಕೆ ಹೋಗುವುದಿಲ್ಲ, ನೋಟೀಸು ಮಾತ್ರ ಹೋಗುತ್ತದೆ. ಆಮೇಲೆ ಬರುವುದು ನೇರ ಹಲ್ಲೇ. ಅದು ತಿನ್ನುವಾಗ ತಟ್ಟೆಗೆ ಕೈ ಹಾಕಿ "ನೋಡೋಣ ಏನ್ಮಾಡುತ್ತೆ" ಅಂತ ಪರೀಕ್ಷೆ ಮಾಡುವವರಿದ್ದಾರೆ. ನಿಮ್ಮ ತಟ್ಟೆಗೆ ಯಾರಾದರೂ ಕೈ ಹಾಕಿದರೆ ನೀವು ಸುಮ್ನೆ ಇರ್ತೀರಾ?

ಇನ್ನು ಮೂತ್ರದ ವಿಷಯ. ಹುಟ್ಟಿದಾಗಿನಿಂದ ಸಿಮೆಂಟೇ ಕಂಡ ನಾಯಿಗೆ ಹುಲ್ಲು ಅಂದರೆ ಏನೋ ವಿಚಿತ್ರ ವಸ್ತು. ಪಾರ್ಕಿನಲ್ಲಿ ಅರ್ಧ ಗಂಟೆ ನಿಲ್ಲಿಸಿದರೂ ತಡೆದುಕೊಂಡು ನಿಂತು, ಮನೆಗೆ ಬಂದು ಹಾಲ್‌ನ ಟೈಲ್ಸ್ ಮೇಲೆ ಹುಯ್ಯುತ್ತದೆ. ಸೊಕ್ಕಲ್ಲ ಅದು. ಕಾಲ ಕೆಳಗೆ ಗಟ್ಟಿ ನೆಲ ಸಿಕ್ಕರೇನೇ ಮೂತ್ರ ಅನ್ನುವುದು ಅದರ ಅಭ್ಯಾಸ. ಮೊದಮೊದಲು ಹೊರಗಡೆಯೇ ಯಾವುದಾದರೂ ಸಿಮೆಂಟು ಜಾಗಕ್ಕೆ ಕರೆದೊಯ್ಯಿರಿ. ಅಲ್ಲಿ ಮಾಡಿದ ತಕ್ಷಣ ಒಂದು ತುಂಡು ಚಿಕನ್ ಕೊಡಿ. ಹುಲ್ಲು ಆಮೇಲೆ ತಾನಾಗಿ ಅಭ್ಯಾಸವಾಗುತ್ತದೆ. ಹೊರಗೆ ಹೋಗುವಾಗ ಕುತ್ತಿಗೆ ಪಟ್ಟಿಗೆ ಒಂದು ಹಗ್ಗ, ಎದೆ ಪಟ್ಟಿಗೆ ಇನ್ನೊಂದು. ಬೈಕಿನ ಸದ್ದಿಗೆ ಹೆದರಿ ಕತ್ತು ನುಣುಚಿಕೊಂಡು ಓಡಿದರೆ, ಇನ್ನೂ ಮನೆಯ ದಾರಿ ಗೊತ್ತಿಲ್ಲದ ನಾಯಿ ಕೈಗೆ ಸಿಗುವುದು ಕಷ್ಟ. ದೀಪಾವಳಿ ಹತ್ತಿರ ಇದ್ದರಂತೂ ಎರಡು ಪಟ್ಟು ಹುಷಾರು.

ಡಾಕ್ಟರ ಹತ್ತಿರ ಮೊದಲ ವಾರದಲ್ಲೇ ಹೋಗಿ. ರೇಬಿಸ್ ಲಸಿಕೆ ಸರಿ, ಜೊತೆಗೆ ಕಿಡ್ನಿ, ಲಿವರ್, ಉಣ್ಣಿ ಹುಳ ಕಚ್ಚಿ ಬರುವ ಜ್ವರ, ಇಷ್ಟಕ್ಕೂ ರಕ್ತ ಪರೀಕ್ಷೆ ಮಾಡಿಸಿ. ಹೆಣ್ಣು ನಾಯಿಗೆ ಮರಿ ಆಗದಂತೆ ಮಾಡುವ ಆಪರೇಷನ್ ಆಗಿಲ್ಲದಿದ್ದರೆ ಅದನ್ನು ಮುಂದೂಡಬೇಡಿ. ವಯಸ್ಸಾದ ಹೆಣ್ಣು ನಾಯಿಗಳಿಗೆ ಬೆದೆ ಮುಗಿದ ಕೆಲವು ವಾರಗಳಲ್ಲಿ ಗರ್ಭಕೋಶದಲ್ಲಿ ಕೀವು ತುಂಬುವ ಕಾಯಿಲೆ ಬರಬಹುದು. ನೀರು ಜಾಸ್ತಿ ಕುಡಿಯುತ್ತೆ, ಊಟ ಬಿಡುತ್ತೆ, ಮಂಕಾಗುತ್ತೆ. ಕೀವು ಹೊರಗೆ ಕಾಣಿಸದೆಯೂ ಇರಬಹುದು. ಅಂಥ ಹೊತ್ತಲ್ಲಿ ಬೆಳಗಾಗಲಿ ಅಂತ ಕಾಯುವಂತಿಲ್ಲ, ಜೀವಕ್ಕೇ ಅಪಾಯ.

ಕಣ್ಣಲ್ಲಿ ನೀಲಿ ಮಬ್ಬು ಕಂಡ ತಕ್ಷಣ ಪೊರೆ ಅಂತ ಗಾಬರಿಯಾಗಬೇಡಿ. ವಯಸ್ಸಾದ ನಾಯಿಗಳ ಕಣ್ಣಿನ ಮಸೂರ ಗಟ್ಟಿಯಾಗಿ ಹಾಗೆ ಕಾಣುವುದುಂಟು, ದೃಷ್ಟಿ ಹೆಚ್ಚುಕಡಿಮೆ ಚೆನ್ನಾಗಿಯೇ ಇರುತ್ತದೆ. ಕೀಲು ನೋವಿಗೆ ನಿಮ್ಮ ಡಬ್ಬಿಯ ಮಾತ್ರೆ ಕೊಡಬೇಡಿ. ನಮಗೆ ಒಗ್ಗುವ ಐಬುಪ್ರೊಫೆನ್ ನಾಯಿಯ ಹೊಟ್ಟೆ, ಕಿಡ್ನಿ ಎರಡನ್ನೂ ಕೆಡಿಸುತ್ತದೆ. ಜಾರುವ ನೆಲಕ್ಕೆ ಹಳೇ ಜಮಖಾನ ಹಾಸಿದರೆ ಅರ್ಧ ಕಷ್ಟ ತಪ್ಪುತ್ತದೆ. ಮೊಸರನ್ನ ಕೊಡಬಹುದು. ಈರುಳ್ಳಿ ಹಾಕಿದ ಸಾರು ಬೇಡ. ಹಬ್ಬದ ಪಾಯಸವಂತೂ ಬೇಡವೇ ಬೇಡ, ಅದರಲ್ಲಿರುವ ಒಣದ್ರಾಕ್ಷಿ ಕಿಡ್ನಿಗೆ ವಿಷ.

ಅಪಾರ್ಟ್‌ಮೆಂಟಿನವರು ನಾಯಿ ತರಬಾರದು ಅಂದರೆ? ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿ ಇದೆ. ಬಹುಮತದ ಠರಾವು ಮಾಡಿದರೂ ಸಾಕುನಾಯಿಯನ್ನು ಸಂಘ ನಿಷೇಧಿಸುವಂತಿಲ್ಲ ಅನ್ನುತ್ತದೆ ಅದು. ಹಾಗಂತ ಜಗಳಕ್ಕೆ ನಿಲ್ಲಬೇಡಿ. ಲಿಫ್ಟ್ ಖಾಲಿ ಇರುವ ಹೊತ್ತು ನೋಡಿ ಕರೆದೊಯ್ದರೆ ನಾಯಿಗೂ ಹಿತ, ನೆರೆಯವರಿಗೂ ಹಿತ.

ತೆವಳುವ ಮಗು ಇರುವ ಮನೆಗೆ, ತಿಂಗಳಿಗೆರಡು ಸಲ ಬೀಗ ಹಾಕಿ ಊರಿಗೆ ಹೋಗುವವರಿಗೆ ಇಂಥ ನಾಯಿ ಬೇಡ ಅಂತಲೇ ನಾನು ಹೇಳುವುದು. ಅನುಮಾನ ಇದ್ದವರು ಕೆಲವು ವಾರ ಫಾಸ್ಟರ್ ಆಗಿ, ಅಂದರೆ ತಾತ್ಕಾಲಿಕವಾಗಿ, ಇಟ್ಟುಕೊಂಡು ನೋಡಿ. ಕೇಂದ್ರದವರನ್ನು ನೇರವಾಗಿ ಕೇಳಿ: ಯಾರಿಗಾದರೂ ಕಚ್ಚಿದೆಯಾ, ಬೇರೆ ನಾಯಿ ಕಂಡರೆ ಏನು ಮಾಡುತ್ತೆ, ಒಂಟಿ ಬಿಟ್ಟರೆ ಕೂಗುತ್ತಾ? ವಯಸ್ಸಾದ ನಾಯಿಯ ಅನುಕೂಲ ಇದೇ. ಗುಣ ಏನು ಅಂತ ಮೊದಲೇ ಸುಮಾರಾಗಿ ಗೊತ್ತಾಗುತ್ತದೆ. ಮರಿಯಲ್ಲಿ ಅದು ಲಾಟರಿ.

ಹೆಸರು ಬದಲಾಯಿಸಬಹುದಾ ಅಂತ ಎಷ್ಟೋ ಜನ ಕೇಳುತ್ತಾರೆ. ಧಾರಾಳವಾಗಿ ಬದಲಾಯಿಸಿ. ಬ್ರೀಡರ್ ಹತ್ತಿರದಿಂದ ಬಂದವಕ್ಕೆ ಎಷ್ಟೋ ಸಲ ಹೆಸರೇ ಇರುವುದಿಲ್ಲ. ಚಿಕ್ಕ ಹೆಸರು ಇಡಿ, ಊಟ ಹಾಕುವಾಗ ಕರೆಯಿರಿ, ಸಾಕು. ನಮ್ಮನೆಯ ಲ್ಯಾಬ್ರಡಾರ್‌ಗೆ ಮಗ ಇಂಟರ್ನೆಟ್ಟೆಲ್ಲ ಜಾಲಾಡಿ ಬೆಲ್ಲಾ ಅಂತ ಇಟ್ಟಿದ್ದ. ಅತ್ತೆಗೆ ಅದು ಬಾಯಿಗೆ ಹಿಡಿಸಲಿಲ್ಲ, ಗೌರಿ ಅಂದರು. ದಿನಾ ತಟ್ಟೆ ಇಡುತ್ತಿದ್ದವರು ಅತ್ತೆ. ಹಾಗಾಗಿ ಈಗ ಅದು ಗೌರಿ. ಬೆಲ್ಲಾ ಅಂದರೆ ಕಿವಿ ಕೂಡ ಅಲ್ಲಾಡಿಸುವುದಿಲ್ಲ.